ಬೋರ್ಡ್ ಹೋಗಿರಲಿಲ್ಲ, ಎರಡು ರೂಪಾಯಿ ಸಿಕ್ಕಿಕೊಂಡಿತ್ತು

ಹೋದ ತಿಂಗಳು ಒಂದು ಶನಿವಾರ ನಮ್ಮ ವಾಷಿಂಗ್ ಮಷೀನ್ ನಟ್ಟನಡುವೆ ನಿಂತುಬಿಟ್ಟಿತು. ಫ್ರಂಟ್ ಲೋಡ್, 9 ವರ್ಷ ಹಳೆಯದು. ಗಾಜಿನಾಚೆ ಕಂದು ನೀರು. ಅದರೊಳಗೆ ಮಗನ ಯೂನಿಫಾರ್ಮು, ಮಾವನ ಧೋತರ. ನೀರು ಹೊರಗೆ ಹೋಗುತ್ತಿಲ್ಲ, ಬಾಗಿಲು ತೆರೆಯುತ್ತಿಲ್ಲ. ಸೋಮವಾರ ಮಗ ಮೊಣಕಾಲಿನ ಮೇಲೆ ಬಂದ ಹಳೇ ಪ್ಯಾಂಟ್ ಹಾಕಿಕೊಂಡು ಶಾಲೆಗೆ ಹೋದ.

ಅದೇ ಮಧ್ಯಾಹ್ನ ರಿಪೇರಿಯವನು ಬಂದ. ಬಂದವನು ಮೊದಲು ಕೇಳಿದ್ದು, "ಸರ್ ಇಲ್ಲೇನ್ರಿ?" ಸರ್ ಆಫೀಸಿನಲ್ಲಿದ್ದರು. ಈ ಮಷೀನಿನ ಬಗ್ಗೆ ಸರ್‌ಗೆ ಗೊತ್ತಿರುವುದು ಇಷ್ಟೇ: ಬಟ್ಟೆ ಬುಟ್ಟಿಗೆ ಹಾಕಿದರೆ ಎರಡು ದಿನದಲ್ಲಿ ಕಪಾಟಿಗೆ ಬರುತ್ತದೆ. ಇವನು ಬಗ್ಗಿ ಕೂಡ ನೋಡಲಿಲ್ಲ. ಎರಡು ಗುಂಡಿ ಒತ್ತಿದ. "ಬೋರ್ಡ್ ಹೋಗೇದ್ರಿ. ಪಂಪೂ ಹೋಗಿರಬೇಕು. ಏಳೆಂಟು ಸಾವಿರ ಆಗ್ತದ. ಅದರ ಬದ್ಲಿ ಹೊಸಾದ ತಗೊಂಡಬಿಡ್ರಿ, ಮೇಡಂ." ಬೋರ್ಡ್ ಅಂದರೆ ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಹಲಗೆ. ಬಂದುಹೋದ ಚಾರ್ಜ್ ಇಸಿದುಕೊಂಡು ಹೊರಟ.

ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. ಅವನು ಬಗ್ಗಲಿಲ್ಲವಲ್ಲ, ಅದಕ್ಕೆ. ಟ್ರಂಕಿನ ತಳದಿಂದ ಮಷೀನಿನ ಪುಸ್ತಕ ಹುಡುಕಿ ತೆಗೆದೆ. 9 ವರ್ಷದಲ್ಲಿ ಅದನ್ನು ಮೊದಲ ಸಲ ತೆರೆದದ್ದು, ಸುಳ್ಳು ಯಾಕೆ ಹೇಳಲಿ. ಮಷೀನಿನ ಮುಂದೆ, ಕೆಳಗೆ ಬಲಮೂಲೆಯಲ್ಲಿ ಒಂದು ಸಣ್ಣ ಮುಚ್ಚಳವಿದೆ ಅಂತ ಅದರಲ್ಲಿ ಚಿತ್ರ ಬರೆದಿತ್ತು. ನಾನು ಅದನ್ನು ಅಂದಕ್ಕೆ ಮಾಡಿದ್ದು ಅಂದುಕೊಂಡಿದ್ದೆ!

ಪ್ಲಗ್ ಕಿತ್ತು, ಮುಚ್ಚಳ ತೆಗೆದೆ. ಒಳಗೆ ಬೆರಳಿನಷ್ಟು ದಪ್ಪದ ರಬ್ಬರ್ ಕೊಳವೆ, ಪಕ್ಕದಲ್ಲಿ ತಿರುಗಿಸುವ ಗುಂಡನೆಯ ಫಿಲ್ಟರ್. ಮೊದಲು ಕೊಳವೆಯ ಬಿರಡೆ ತೆಗೆದು ನೀರು ಬಿಡಬೇಕು. ಆಮೇಲಷ್ಟೇ ಫಿಲ್ಟರ್. ಬಿಸಿನೀರಿನ ವಾಶ್ ಆಗಿದ್ದರೆ ನೀರು ತಣ್ಣಗಾಗುವವರೆಗೆ ಕಾಯಬೇಕು, ಇಲ್ಲ ಅಂದರೆ ಕೈ ಸುಡುತ್ತದೆ. ನೆಲಕ್ಕೂ ಕೊಳವೆಗೂ ನಡುವೆ ನಾಲ್ಕು ಬೆರಳು ಜಾಗವೂ ಇಲ್ಲ. ಬಕೆಟ್, ಬೋಗುಣಿ ಯಾವುದೂ ಹೋಗಲಿಲ್ಲ. ಹೋದದ್ದು ಒಂದೇ, ಅತ್ತೆ ರೊಟ್ಟಿ ಹಿಟ್ಟು ನಾದುವ ಪರಾತ. ಹನ್ನೊಂದು ಪರಾತ ನೀರು ಎತ್ತಿ ಚೆಲ್ಲಿದೆ. ಅತ್ತೆ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು.

ಫಿಲ್ಟರ್ ಬಿಚ್ಚಿದೆ. ಎರಡು ರೂಪಾಯಿ ನಾಣ್ಯ, ಒಂದು ಸೇಫ್ಟಿ ಪಿನ್, ಮಾವನ ಎಲೆಚಂಚಿಯಿಂದ ಬಿದ್ದ ಅರ್ಧ ಅಡಿಕೆ ಹೋಳು, ಹಿಡಿಯಷ್ಟು ಕೂದಲು ಮತ್ತು ನೂಲು. ನಾಣ್ಯ ಪಂಪಿನ ರೆಕ್ಕೆಗೆ ಅಡ್ಡ ಕೂತಿತ್ತು. ರೆಕ್ಕೆ ತಿರುಗದಿದ್ದರೆ ನೀರು ಹೋಗುವುದಿಲ್ಲ. ಒಳಗೆ ನೀರಿದೆ ಅಂತ ಮಷೀನಿಗೆ ಗೊತ್ತಿರುವ ತನಕ ಅದು ಬಾಗಿಲು ಬಿಡುವುದಿಲ್ಲ. ಅಷ್ಟೇ ಕತೆ. ಟಾರ್ಚ್ ಹಿಡಿದು ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿದೆ. ತಡೆದು ತಡೆದು ತಿರುಗಿತು. ಹೆದರಿದೆ. ಆಮೇಲೆ ತಿಳಿಯಿತು, ಒಳಗೆ ಅಯಸ್ಕಾಂತ ಇರುವುದರಿಂದ ಅದು ಹಾಗೇ ತಿರುಗುತ್ತದೆ. ಪಂಪ್ ಚೆನ್ನಾಗಿಯೇ ಇತ್ತು. ಬೋರ್ಡ್ ಕೂಡ. ಅವತ್ತು ಸಂಜೆಗೇ ಧೋತರ ಹಗ್ಗದ ಮೇಲಿತ್ತು.

ಹಾಗಂತ ರಿಪೇರಿಯವರೆಲ್ಲ ಕಳ್ಳರು ಅನ್ನುವ ಮಾತಲ್ಲ ಇದು. ಒಳ್ಳೆಯವರು ಬಹಳ ಇದ್ದಾರೆ, ಅವರ ಮಾತು ಮುಂದೆ ಬರುತ್ತದೆ. ನನ್ನ ತಕರಾರು ನಮ್ಮ ಮೇಲೆಯೇ. ನಮ್ಮ ಕಡೆ ಒಗ್ಯಾಣ ಹೆಂಗಸರ ಕೆಲಸ. ಆದರೆ ಒಗೆಯುವ ಮಷೀನ್ ಕೆಟ್ಟರೆ ಅದು ಗಂಡಸರ ವಿಷಯ! ದಿನಾ ಅದರ ಮುಂದೆ ನಿಲ್ಲುವವಳು ನಾನು. ಅದರ ಸದ್ದು, ವಾಸನೆ, ಸಿಟ್ಟು ಎಲ್ಲ ಗೊತ್ತಿರುವುದು ನನಗೆ. ಮುಚ್ಚಳ ತೆಗೆಯುವ ಧೈರ್ಯ ಮಾತ್ರ ನಮಗೆ ಯಾರೂ ಕೊಡಲಿಲ್ಲ, ನಾವೂ ಕೇಳಲಿಲ್ಲ.

ಈಗ ಸೋಪಿನ ಮಾತು. ನಮ್ಮ ಮನೆಯ ದೊಡ್ಡ ಜಗಳ ಇದೇ. ಅತ್ತೆಯ ಪ್ರಕಾರ ನೊರೆ ಬರದಿದ್ದರೆ ಅರಿವಿ ಸ್ವಚ್ಛ ಆಗುವುದೇ ಇಲ್ಲ. ಕೈಯಲ್ಲಿ ಒಗೆಯುವ ಪುಡಿಯನ್ನೇ ಮುಷ್ಟಿ ತುಂಬ ಹಾಕುತ್ತಿದ್ದರು. ಆದರೆ ಫ್ರಂಟ್ ಲೋಡ್ ಒಗೆಯುವ ರೀತಿಯೇ ಬೇರೆ. ನೀರು ಕಡಿಮೆ. ಡ್ರಮ್ಮು ಬಟ್ಟೆಯನ್ನು ಎತ್ತಿ ಎತ್ತಿ ಕೆಳಗೆ ಹಾಕುತ್ತದೆ. ಹಳ್ಳದ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದರಲ್ಲ, ಅದೇ. ಕಲ್ಲಿನ ಮೇಲೆ ಹಾಸಿಗೆ ಹಾಸಿ ಕುಕ್ಕಿದರೆ ಕೊಳೆ ಹೋಗುತ್ತದಾ? ನೊರೆ ಆ ಹಾಸಿಗೆ. ಬಟ್ಟೆ ಮೆತ್ತಗೆ ಬೀಳುತ್ತದೆ, ಕೊಳೆ ಅಲ್ಲೇ ಉಳಿಯುತ್ತದೆ. ಉಳಿದ ಸೋಪು ಡ್ರಮ್ಮಿನ ಸುತ್ತಲಿನ ಟಬ್ಬಿನ ಹಿಂದೆ ಅಂಟಿ ಕಪ್ಪು ಲೋಳೆ ಆಗುತ್ತದೆ. ನಂಬಿಕೆ ಬರದಿದ್ದರೆ ಒಂದು ಸಲ ಬಟ್ಟೆಯೂ ಇಲ್ಲದೆ, ಪುಡಿಯೂ ಇಲ್ಲದೆ ಬಿಸಿನೀರಿನಲ್ಲಿ ಮಷೀನ್ ಓಡಿಸಿ. ನಮ್ಮದರಲ್ಲಿ ಗಾಜಿನ ಅರ್ಧದವರೆಗೆ ನೊರೆ ಬಂತು. ಅಷ್ಟೂ ಹಳೇ ಬಾಕಿ. ಅತ್ತೆ ಏನೂ ಅನ್ನಲಿಲ್ಲ, ಆದರೆ ಮರುದಿನದಿಂದ ಫ್ರಂಟ್ ಲೋಡಿನ ಪುಡಿ, ಅದೂ ಚಮಚದ ಲೆಕ್ಕ.

ಆದರೆ ನಮ್ಮ ನೀರಿನ ಪಾಲೂ ಇದೆ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆ ನೀರು ಸವದತ್ತಿ ಹತ್ತಿರದ ನವಿಲುತೀರ್ಥದಿಂದ ಬರುತ್ತದೆ. ನಮ್ಮ ಓಣಿಗೆ ಅದು ದಿನಾ ಬರುವುದಿಲ್ಲ. ಬಂದ ದಿನ ಸಂಪ್ ತುಂಬಿಸಿಕೊಂಡು, ಮುಗಿದ ಮೇಲೆ ಬೋರ್‌ವೆಲ್ ನೀರು. ನಮ್ಮ ಬೋರ್ ನೀರು ಎಂಥ ಗಡಸು ಅನ್ನುವುದು ಬಕೆಟ್ಟಿನ ಅಂಚಿನ ಬಿಳಿ ಕಲೆ ನೋಡಿದರೇ ಗೊತ್ತಾಗುತ್ತದೆ. ಆ ನೀರು ಕಾದಾಗ ಸುಣ್ಣ ಕಾಯಿಸುವ ರಾಡಿಗೆ ಕಚ್ಚಿಕೊಳ್ಳುತ್ತದೆ. ಇದಕ್ಕೆ ನಾನು ಮಾಡುವುದು: ಮೂರು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 100 ಗ್ರಾಂ ನಿಂಬೆ ಉಪ್ಪು ಹಾಕಿ 60 ಡಿಗ್ರಿಯಲ್ಲಿ ಓಡಿಸುತ್ತೇನೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಅದೇ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಅದರ ಜೊತೆ ಬ್ಲೀಚಿಂಗ್ ಪುಡಿ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಒಳ್ಳೇದು ಅಂತ ವಾರವಾರ ಹಾಕುವುದೂ ಬೇಡ. ಡ್ರಮ್ಮಿನ ಬೆನ್ನಿಗೆ ಮೂರು ಕಾಲಿನ ಒಂದು ಚೌಕಟ್ಟಿದೆ, ಸಾಮಾನ್ಯವಾಗಿ ಅಲ್ಯುಮಿನಿಯಂ ಬೆರಕೆಯದು. ಹುಳಿಯೂ ಅದನ್ನು ತಿನ್ನುತ್ತದೆ, ವಾಷಿಂಗ್ ಸೋಡಾ ಕೂಡ ತಿನ್ನುತ್ತದೆ.

ನೀರು ನಿಧಾನ ತುಂಬುತ್ತಿದ್ದರೆ ಹಿಂದಿನ ಪೈಪ್ ಬಿಚ್ಚಿ ನೋಡಿ. ಪೈಪ್ ಕೂರುವ ಬಾಯಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ನಮ್ಮದರಲ್ಲಿ ಎರಿ ಮಣ್ಣಿನ ಗಟ್ಟಿ ಪದರವೇ ಇತ್ತು, ಬಿತ್ತಿದ್ದರೆ ಜೋಳ ಬರುತ್ತಿತ್ತೇನೋ. ಹಳೇ ಹಲ್ಲುಜ್ಜುವ ಬ್ರಷ್ ಸಾಕು, ಐದು ನಿಮಿಷದ ಕೆಲಸ.

ಬಾಗಿಲಿನ ರಬ್ಬರಿನ ಕೆಳಮಡಿಕೆ ಒರೆಸಬೇಕು, ಒಗೆದಾದ ಮೇಲೆ ಬಾಗಿಲು ತೆರೆದಿಡಬೇಕು, ಇದು ಎಲ್ಲರಿಗೂ ಗೊತ್ತು. ಯಾರೂ ಮಾಡುವುದಿಲ್ಲ.

ಇಲಿಯ ವಿಷಯ ಮಾತ್ರ ಯಾವ ಪುಸ್ತಕವೂ ಸರಿಯಾಗಿ ಹೇಳಿಲ್ಲ. ಗದಗಿನಲ್ಲಿ ನನ್ನ ತಂಗಿಯ ಮಷೀನಿಗೆ ಅಡಿಯಿಂದ ಇಲಿ ಹೊಕ್ಕು ಒಂದು ಸಣ್ಣ ಕೊಳವೆ ಕಡಿದಿತ್ತು. ನೀರು ಎಷ್ಟಾಯಿತು ಅಂತ ಮಷೀನಿಗೆ ಹೇಳುವುದು ಅದೇ ಕೊಳವೆ. ಪಾಪ ಮಷೀನು, ನೀರು ಬಂದೇ ಇಲ್ಲ ಅಂದುಕೊಂಡು ತುಂಬಿಸುತ್ತಲೇ ಹೋಯಿತು. ಬಚ್ಚಲೆಲ್ಲ ಕೆರೆ. ಗದಗಿನಲ್ಲಿ ನೀರು ಚೆಲ್ಲಿದರೆ ಎಷ್ಟು ಹೊಟ್ಟೆ ಉರಿಯುತ್ತದೆ ಅಂತ ಅಲ್ಲಿಯವರನ್ನೇ ಕೇಳಬೇಕು. ಅಡಿಗೆ ಒಂದು ತಂತಿಜಾಲರಿ ಕಟ್ಟಿಸಿದಳು, ಮುಗಿಯಿತು. ಇದೇ ತಂಗಿ ಮುಂದೆ ಹಾವೇರಿಗೆ ಮನೆ ಬದಲಿಸುವಾಗ ಟಬ್ಬು ಅಲುಗಾಡದಂತೆ ಹಿಂದೆ ಬಿಗಿಯುವ ನಾಲ್ಕು ಸಾಗಣೆ ಬೋಲ್ಟ್ ಹಾಕದೆ ಟೆಂಪೋಗೆ ಏರಿಸಿದಳು. ಒಳಗಿನ ಟಬ್ಬು ಸ್ಪ್ರಿಂಗಿಗೆ ತೂಗುತ್ತಿರುತ್ತದೆ, ಮೇಲೆ ಕಾಂಕ್ರೀಟಿನ ಭಾರ ಬೇರೆ. ಹಾವೇರಿ ಮುಟ್ಟುವಷ್ಟರಲ್ಲಿ ಕೆಳಗಿನ ಶಾಕ್ ಅಬ್ಸಾರ್ಬರ್ ಎರಡೂ ಹೋಗಿದ್ದವು. ಆ ಬೋಲ್ಟ್ ಎಸೆಯಬೇಡಿ. ಮಷೀನಿನ ಹಿಂದೆಯೇ ಒಂದು ಚೀಲದಲ್ಲಿ ಕಟ್ಟಿ ನೇತುಹಾಕಿ.

ಇನ್ನು ನನ್ನ ಕೈಯಲ್ಲಿ ಆಗದ ಕೆಲಸ, ಡ್ರಮ್ಮಿನ ಅಚ್ಚು ಸಲೀಸಾಗಿ ತಿರುಗುವಂತೆ ಮಾಡುವ ಬೇರಿಂಗ್. ನೀರು ಹಿಂಡುವಾಗ ವಿಮಾನ ಏರಿದ ಸದ್ದು ಬಂದರೆ ಅದೇ. ಖಾಲಿ ಡ್ರಮ್ಮಿನ ಮೇಲಂಚನ್ನು ಕೈಯಿಂದ ಎತ್ತಿ ನೋಡಿ. ಡ್ರಮ್ಮೊಂದೇ ಟಕ್ ಅಂತ ಅಲುಗಾಡಿದರೆ ಬೇರಿಂಗ್ ಸವೆದಿದೆ. ಡ್ರಮ್ಮೂ ಟಬ್ಬೂ ಒಟ್ಟಿಗೆ ಎದ್ದರೆ ಅದು ಸ್ಪ್ರಿಂಗು, ಚಿಂತೆ ಇಲ್ಲ. ಇಲ್ಲಿ ನನ್ನ ಸಿಟ್ಟು ಕಂಪನಿಗಳ ಮೇಲೆ. ಬೇರಿಂಗಿಗೆ ನೂರರ ಲೆಕ್ಕ, ಟಬ್ಬಿಗೆ ಸಾವಿರದ ಲೆಕ್ಕ. ಆದರೂ ಈಗಿನ ಎಷ್ಟೋ ಮಷೀನುಗಳಲ್ಲಿ ಟಬ್ಬಿನ ಎರಡು ಹೋಳನ್ನು ಬೋಲ್ಟ್ ಹಾಕದೆ ಪ್ಲಾಸ್ಟಿಕ್ ಕರಗಿಸಿ ಬೆಸೆದುಬಿಡುತ್ತಾರೆ. ಬಿಚ್ಚಲಿಕ್ಕೇ ಬರುವುದಿಲ್ಲ. ರಿಪೇರಿ ಮಾಡಿಸುವುದು ಗ್ರಾಹಕರ ಹಕ್ಕು ಅಂತ ಕೇಂದ್ರ ಸರ್ಕಾರ 2022ರಲ್ಲಿ ಒಂದು ಪೋರ್ಟಲ್ ತೆರೆಯಿತು. ಸಂತೋಷ. ಬೆಸೆದ ಟಬ್ಬಿನ ಮುಂದೆ ಆ ಹಕ್ಕು ಎಲ್ಲಿ ಹಿಡಿದು ತಿರುಗಿಸಬೇಕು ಅನ್ನುವುದು ನನ್ನ ಪ್ರಶ್ನೆ.

ಅದಕ್ಕೇ ಹೇಳಿದ್ದು, ಒಳ್ಳೆಯವರು ಇದ್ದಾರೆ ಅಂತ. ಹುಬ್ಬಳ್ಳಿಯಲ್ಲಿ ಒಬ್ಬರು ವಯಸ್ಸಾದ ಮೆಕ್ಯಾನಿಕ್ಕು ಗೆಳತಿಯ ಮನೆಯ ಅಂಥದ್ದೇ ಟಬ್ಬನ್ನು ಬೆಸುಗೆಯ ಗುಂಟ ಗರಗಸದಿಂದ ಕೊಯ್ದರು. ಬೇರಿಂಗ್, ಎಣ್ಣೆ ಸೀಲ್ ಎರಡನ್ನೂ ಬದಲಿಸಿದರು. ಸೀಲ್ ಸೋರಿದ್ದಕ್ಕೇ ಬೇರಿಂಗ್ ತುಕ್ಕು ಹಿಡಿದದ್ದು ಅಂತ ತೋರಿಸಿದರು. ಆಮೇಲೆ ಸುತ್ತಲೂ ಸಿಲಿಕೋನ್ ಬಳಿದು, ಬೋಲ್ಟ್ ಹಾಕಿ ಬಿಗಿದರು. ಎರಡು ವರ್ಷವಾಯಿತು, ಒಂದು ಹನಿ ಸೋರಿಲ್ಲ. ಕೆಲಸ ಮುಗಿಸಿ ಅವರು ಕೇಳಿದ್ದು ಒಂದೇ, "ಚಹಾ ಐತೇನ್ ಬೇ?"

ಮೊನ್ನೆಯಿಂದ ನಮ್ಮದೂ ಸ್ವಲ್ಪ ಗುರ್ ಅನ್ನುತ್ತಿದೆ. ಡ್ರಮ್ ಎತ್ತಿ ನೋಡಿದೆ, ಅಲುಗಾಡುವುದಿಲ್ಲ. ಬೆಲ್ಟ್ ಇರಬಹುದು ಅಂತ ಅನುಮಾನ. ಭಾನುವಾರ ಹಿಂದಿನ ತಗಡು ಬಿಚ್ಚುತ್ತೇನೆ ಅಂತ ಊಟಕ್ಕೆ ಕೂತಾಗ ಸುಮ್ನೆ ಹೇಳಿದೆ, ಅಷ್ಟೇ. ಬೆಳಿಗ್ಗೆ ನೋಡಿದರೆ ಅತ್ತೆಯ ಪರಾತ ಅಡಿಗೆಮನೆಯಿಂದ ಮಾಯ.