ಸಂಡಿಗೆ ಒಣಗುವ ತನಕ

ಮಾರ್ಚ್ ಕೊನೆಯ ವಾರ, ಮಧ್ಯಾಹ್ನ ಮೂರು ಗಂಟೆ. ತಾರಸಿಯ ಮೇಲೆ ಹಳೇ ಪಂಚೆ ಹಾಸಿದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಸಾಲಾಗಿ ಸಬ್ಬಕ್ಕಿ ಸಂಡಿಗೆ. ಅಮ್ಮ ಬೆಳಿಗ್ಗೆ ಆರಕ್ಕೇ ಎದ್ದು ಸಬ್ಬಕ್ಕಿ ಬೇಯಿಸಿ, ಹಸಿಮೆಣಸಿನಕಾಯಿ ಅರೆದು ಹಾಕಿ, ನಿಂಬೆಹಣ್ಣು ಹಿಂಡಿ, ಬಿಸಿಲೇರುವ ಮೊದಲೇ ಸೌಟಿನಲ್ಲಿ ಬಿಟ್ಟು ಬಂದಿದ್ದಳು. ಈಗ ಮೇಲ್ಭಾಗ ಗಾಜಿನ ಹಾಗೆ ಒಣಗಿದೆ, ತಳ ಇನ್ನೂ ಅಂಟಂಟು. ಎಬ್ಬಿಸಿ ಮಗುಚಿ ಹಾಕಬೇಕು ಅನ್ನುವಷ್ಟರಲ್ಲಿ ದೂರದಲ್ಲೆಲ್ಲೋ ಗುಡುಗಿತು.

"ದೇವರೇ, ಒಂದರ್ಧ ಗಂಟೆ ತಡ್ಕೊಳಪ್ಪ" ಅಂದಳು ಅಮ್ಮ, ಗೇಟಿನ ಹೊರಗೆ ಅವಸರ ಮಾಡುತ್ತಿರುವ ಆಟೋದವನಿಗೆ ಹೇಳುವ ಹಾಗೆ.

ಅದೇ ಹೊತ್ತಿಗೆ ಮೂಡಿಗೆರೆಯ ಭಾವನ ಫೋನು. ಅವರದು ಕಾಫಿ ತೋಟ. "ಅಲ್ಲಿ ಮೋಡ ಇದೆಯೇನೋ? ನಮಗಿನ್ನೂ ಹೂಮಳೆ ಆಗಿಲ್ಲ ಮಾರಾಯ. ದೇವರು ಯಾವಾಗ ಕಣ್ಣು ಬಿಡ್ತಾನೋ" ಅಂದರು. ಒಂದು ಒಳ್ಳೇ ಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ಗಿಡವೆಲ್ಲ ಬೆಳ್ಳಗೆ ಅರಳುತ್ತದೆ. ಆದರೆ ಹೂ ಅರಳಿದ ದಿನವೇ ಮತ್ತೆ ಮಳೆ ಬರಬಾರದು, ಪರಾಗ ತೊಳೆದು ಹೋಗುತ್ತದೆ. ಅಂದರೆ ಭಾವನಿಗೆ ಬೇಕಾದ ಮಳೆಗೂ ತಿಥಿ ನೋಡಬೇಕು.

ನಾನು ಸಂಡಿಗೆ ಹಾಳೆಯ ಒಂದು ತುದಿ ಹಿಡಿದು ನಿಂತು ಯೋಚಿಸಿದೆ. ಒಳ್ಳೇ ಮನಸ್ಸಿನ ದೇವರೊಬ್ಬ ಹೊಸದಾಗಿ ಲೋಕ ಮಾಡಲು ಕೂತರೆ, ಈ ಎರಡು ಅರ್ಜಿಗಳನ್ನು ಏನು ಮಾಡುತ್ತಾನೆ? ಅವನ ಬದಲು ನನ್ನನ್ನೇ ಕೂರಿಸಿದರೆ?

ಮೊದಲು ಮಳೆಯನ್ನು ಸಮನಾಗಿ ಹಂಚುತ್ತಿದ್ದೆ. ಬೆಳಿಗ್ಗೆ ಆಗುಂಬೆಯಲ್ಲಿ ಬಸ್ಸು ಹತ್ತಿದರೆ ಸಂಜೆಯೊಳಗೆ ಚಳ್ಳಕೆರೆ ತಲುಪಬಹುದು. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಚಳ್ಳಕೆರೆಯಲ್ಲಿ 500 ದಾಟಿದರೆ ಹಬ್ಬ. ಒಂದೂರಿನಲ್ಲಿ ಬಟ್ಟೆ ಒಣಗುವುದಿಲ್ಲ, ಇನ್ನೊಂದೂರಿನಲ್ಲಿ ಕೆರೆಯೇ ಒಣಗುತ್ತದೆ. ಇದೆಂಥಾ ಪಂಕ್ತಿಭೇದ! ಎಲ್ಲಕ್ಕೂ ಕಾರಣ ಅಡ್ಡ ನಿಂತ ಘಟ್ಟ. ಅದನ್ನು ಒಂದಷ್ಟು ತಗ್ಗಿಸಿಬಿಡೋಣ ಅಂದುಕೊಂಡೆ. ಆಮೇಲೆ ನೆನಪಾಯಿತು, ಮೋಡ ಆ ಗೋಡೆ ಹತ್ತಲು ಹೋಗಿಯೇ ಅಲ್ಲವೇ ಅಷ್ಟೊಂದು ನೀರು ಇಳಿಸುವುದು. ಘಟ್ಟ ಇಲ್ಲದಿದ್ದರೆ ತುಂಗೆ ಎಲ್ಲಿ, ಭದ್ರೆ ಎಲ್ಲಿ? ಅವೆರಡೂ ಕೂಡ್ಲಿಯಲ್ಲಿ ಸೇರಿ, ಹೊಸಪೇಟೆಯ ಅಣೆಕಟ್ಟೆ ತುಂಬಿ, ಗಂಗಾವತಿಯ ಭತ್ತದ ಗದ್ದೆಗೆ ಹೋಗುವುದೆಲ್ಲಿ? ಸರಿ, ಘಟ್ಟ ಇರಲಿ ಅಂತ ಬಿಟ್ಟೆ. ಆದರೆ ಈ ಸಮಾಧಾನವನ್ನು ಚಳ್ಳಕೆರೆಯವರ ಮುಂದೆ ಹೇಳಿ ನೋಡಿ. ಸರಿಯಾಗಿ ಬಯ್ಯುತ್ತಾರೆ, ಬಯ್ಯಲೂ ಬೇಕು.

ಹುಲಿಯ ವಿಷಯದಲ್ಲಿ ಇನ್ನೂ ಫಜೀತಿ. ನನ್ನ ಲೋಕದಲ್ಲಿ ಯಾರೂ ಯಾರನ್ನೂ ತಿನ್ನುವ ಹಾಗಿಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಅಂತ ಗಾದೆ ಇದೆ. ನಾನು ನಿಜಕ್ಕೂ ಹುಲಿಗೆ ಹುಲ್ಲು ಮೇಯಿಸಬೇಕಾಗುತ್ತದೆ! ಹುಲ್ಲು ಅರಗಬೇಕಾದರೆ ಹಸುವಿಗಿರುವಂತೆ ನಾಲ್ಕು ಕೋಣೆಯ ಹೊಟ್ಟೆ ಬೇಕು, ಮೆಲುಕು ಹಾಕಲು ಅಗಲ ಹಲ್ಲು ಬೇಕು. ಕೋರೆಹಲ್ಲು ದಂಡ. ಓಡುವ ಅಗತ್ಯವಿಲ್ಲ, ಹೊಂಚು ಹಾಕುವುದಿಲ್ಲವಾದ್ದರಿಂದ ಪಟ್ಟೆಯೂ ಬೇಡ. ಇಷ್ಟೆಲ್ಲ ತಿದ್ದಿದ ಮೇಲೆ ನೋಡಿದರೆ ಬಂಡೀಪುರದ ಸಫಾರಿ ಜೀಪಿನ ಎದುರು ಒಂದು ಎಮ್ಮೆ ನಿಂತಿದೆ.

ಚಿಕ್ಕವರಿದ್ದಾಗ ಮೇಷ್ಟ್ರು ಒಂದು ಕತೆ ಹೇಳುತ್ತಿದ್ದರು. ದಾರಿಹೋಕನೊಬ್ಬ ಆಲದ ಮರದ ಕೆಳಗೆ ಮಲಗಿ, ಇಷ್ಟು ದೊಡ್ಡ ಮರಕ್ಕೆ ಇಷ್ಟು ಪುಟ್ಟ ಹಣ್ಣು, ಆ ಬಡಕಲು ಬಳ್ಳಿಗೆ ಅಷ್ಟು ದೊಡ್ಡ ಕುಂಬಳಕಾಯಿ, ದೇವರಿಗೆ ಬುದ್ಧಿ ಇಲ್ಲ ಅಂದನಂತೆ. ಅಷ್ಟರಲ್ಲಿ ಒಂದು ಆಲದ ಹಣ್ಣು ಮೂಗಿನ ಮೇಲೆ ಬಿತ್ತು. ಇದು ಕುಂಬಳಕಾಯಿ ಆಗಿದ್ದರೆ ಅಂತ ಎದ್ದು ಕೈಮುಗಿದನಂತೆ. ನಾವೂ ಸುಮ್ನೆ ತಲೆಯಾಡಿಸುತ್ತಿದ್ದೆವು. ಶಾಲೆಯ ಹಿಂದೆಯೇ ದೊಡ್ಡ ಹಲಸಿನ ಮರ, ಒಂದೊಂದು ಹಣ್ಣು ಹತ್ತು ಹದಿನೈದು ಕಿಲೋ. ಪಕ್ಕದಲ್ಲೇ ತೆಂಗಿನ ತೋಟ. ಅಲ್ಲಿಗೆ ಹೋದರೆ ತಲೆ ಮೇಲೆ ಕಾಯಿ ಬಿದ್ದೀತು ಅಂತ ಎಚ್ಚರಿಸುತ್ತಿದ್ದವರೂ ಅದೇ ಮೇಷ್ಟ್ರು. ಆ ದಾರಿಹೋಕ ಯಾವ ಬಯಲುಸೀಮೆಯವನೋ ಏನೋ!

ಇನ್ನು ಸಣ್ಣಪುಟ್ಟ ರಿಪೇರಿಗಳು. ಸೊಳ್ಳೆಗಳಲ್ಲಿ ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಯಿಡಲು ಅದಕ್ಕೆ ರಕ್ತ ಬೇಕು. ಗಂಡು ಹೂವಿನ ರಸ ಕುಡಿದುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಅಂದರೆ ಕಚ್ಚದ ಸೊಳ್ಳೆ ಮಾಡುವುದು ದೇವರಿಗೆ ಗೊತ್ತಿತ್ತು! ಅರ್ಧ ಮಾಡಿ ಯಾಕೆ ಬಿಟ್ಟ?

ಗಂಟಲಿನ ಕೆಲಸವಂತೂ ಯಾವ ಮೇಸ್ತ್ರಿಯೂ ಒಪ್ಪುವಂಥದ್ದಲ್ಲ. ಉಸಿರಿನ ಕೊಳವೆ ಮುಂದೆ, ಅನ್ನದ ಕೊಳವೆ ಹಿಂದೆ. ನುಂಗುವ ಪ್ರತಿ ತುತ್ತೂ ಉಸಿರಿನ ಬಾಗಿಲ ಮೇಲೆ ಹಾದುಹೋಗಬೇಕು. ಕಾಯುವುದಕ್ಕೆ ಒಂದು ಪುಟ್ಟ ಮುಚ್ಚಳ. ಸ್ವಲ್ಪ ನಕ್ಕರೆ, ಸ್ವಲ್ಪ ಅವಸರ ಮಾಡಿದರೆ ಮುಗಿಯಿತು, ನೆತ್ತಿಗೇರುತ್ತದೆ. ಎರಡು ಬೇರೆ ಬೇರೆ ಪೈಪು ಹಾಕಿದ್ದರೆ ಏನು ಹೋಗುತ್ತಿತ್ತು? ನನ್ನ ಲೋಕದಲ್ಲಿ ಹಾಗೇ ಮಾಡಿದೆ. ಮಾಡಿದ ಮೇಲೆ ಒಂದು ಕೊರತೆ ಕಾಣಿಸಿತು. ನಮ್ಮ ಮನೆಯಲ್ಲಿ ಯಾರಿಗಾದರೂ ನೆತ್ತಿಗೇರಿದರೆ ಅಮ್ಮ ಓಡಿ ಬಂದು ತಲೆ ತಟ್ಟಿ, "ಯಾರೋ ನೆನೆಸ್ಕೊಂಡ್ರು" ಅನ್ನುತ್ತಾಳೆ. ಕೆಮ್ಮುತ್ತಲೇ ನಾವು ಒಂದೊಂದೇ ಹೆಸರು ಹೇಳಬೇಕು. ಯಾವ ಹೆಸರಿಗೆ ಕೆಮ್ಮು ನಿಲ್ಲುತ್ತದೋ ಅವರೇ ನೆನೆಸಿಕೊಂಡವರು. ಕೊಳವೆ ಸರಿಮಾಡಿದರೆ ಈ ಟಪಾಲು ನಿಂತುಹೋಗುತ್ತದೆ. ಆದರೂ ಸರಿಮಾಡುತ್ತೇನೆ. ಮಕ್ಕಳ ಗಂಟಲಲ್ಲಿ ಕಡಲೆಬೀಜ ಸಿಕ್ಕಿಕೊಳ್ಳುವುದನ್ನು ಒಮ್ಮೆ ನೋಡಿದ್ದೇನೆ.

ನೋವು ಪೂರ್ತಿ ತೆಗೆದುಬಿಡೋಣ ಅಂದರೆ ಅದೂ ಆಗುವುದಿಲ್ಲ. ಹುಟ್ಟಿನಿಂದಲೇ ನೋವು ಗೊತ್ತಾಗದ ಮಕ್ಕಳು ಅಪರೂಪಕ್ಕೆ ಇರುತ್ತಾರೆ. ನಾಲಿಗೆ ಕಚ್ಚಿಕೊಂಡರೂ, ಕೈ ಸುಟ್ಟರೂ ತಿಳಿಯದೆ ಮೈತುಂಬ ಗಾಯ ಮಾಡಿಕೊಳ್ಳುತ್ತಾರೆ. ಹಾಗಾಗಿ ಎಚ್ಚರಿಕೆಯ ಗಂಟೆ ಇರಲಿ. ಆದರೆ ಕುಕ್ಕರ್ ಮೂರು ಸೀಟಿ ಕೂಗಿದರೆ ನಾವು ಒಲೆ ಆರಿಸುತ್ತೇವೆ, ಅದು ಸುಮ್ಮನಾಗುತ್ತದೆ. ಅಮ್ಮನ ಮಂಡಿ ಹನ್ನೆರಡು ವರ್ಷದಿಂದ ಕೂಗುತ್ತಲೇ ಇದೆ. ಗೊತ್ತಾಯ್ತು ಕಣಪ್ಪ, ಇನ್ನು ಸಾಕು ಅನ್ನಲು ಗುಂಡಿ ಎಲ್ಲಿಟ್ಟಿದ್ದಾನೆ?

ಇಲ್ಲಿಯವರೆಗೆ ತಮಾಷೆಯಾಗಿತ್ತು. ಮಂಗನ ಕಾಯಿಲೆಯ ಹತ್ತಿರ ಬಂದಾಗ ಕೈ ನಿಂತಿತು. 1957ರಲ್ಲಿ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಅದು ಮೊದಲು ಗೊತ್ತಾಯಿತು. ಸಂಡಿಗೆ ಒಣಗಿಸುವ ಇದೇ ಬೇಸಗೆಯಲ್ಲಿ ಕಾಡಿನ ಉಣುಗು ಕಚ್ಚಿ ಹರಡುತ್ತದೆ. ಮಂಗಗಳು ಸಾಯುತ್ತವೆ. ತರಗೆಲೆ ಗುಡಿಸಲು, ಸೌದೆ ತರಲು ಹೋದವರು ಜ್ವರ ಹಿಡಿದು ಮಲಗುತ್ತಾರೆ, ಕೆಲವರು ಏಳುವುದೇ ಇಲ್ಲ. ಘಟ್ಟಕ್ಕೆ ನದಿಯ ನೆಪ ಹೇಳಿದೆ, ನೋವಿಗೆ ಗಾಯದ ನೆಪ ಹೇಳಿದೆ. ಈ ಉಣುಗಿಗೆ ಏನು ಹೇಳಲಿ? ಯಾರೋ ಹೇಳುವಂತೆ ಎಲ್ಲದಕ್ಕೂ ಒಂದು ಅರ್ಥ ಇರುತ್ತದೆ ಅನ್ನುವುದಾದರೆ, ಅದನ್ನು ಮೊದಲು ಆ ತರಗೆಲೆ ಗುಡಿಸುವವರ ಮನೆಗೆ ಹೋಗಿ ಹೇಳಿ ಬರಲಿ. ನನ್ನ ಲೋಕದಲ್ಲಿ ಅದಿಲ್ಲ. ಅದಿಲ್ಲದೆ ಏನು ಕೆಟ್ಟರೂ ಕೆಡಲಿ.

"ಏ, ಎಲ್ಲಿದ್ಯೋ? ಹಾಳೆ ಹಿಡ್ಕೊಳೋ!" ಅಮ್ಮ ಕೂಗಿದಾಗ ಎರಡು ದಪ್ಪ ಹನಿ ಕತ್ತಿನ ಮೇಲೆ ಬಿದ್ದಿದ್ದವು. ಇಬ್ಬರೂ ಹಾಳೆ ಸಮೇತ ಸಂಡಿಗೆ ಎತ್ತಿ ಮೆಟ್ಟಿಲ ಕೋಣೆಗೆ ಸೇರಿಸಿದೆವು. ಮಳೆ ಐದು ನಿಮಿಷ ಬಂದು ನಿಂತಿತು. ನಮ್ಮ ಧೂಳು ಅಡಗಲಿಲ್ಲ, ಭಾವನ ತೋಟದ ಕಡೆ ಮೋಡವೇ ಹೋಗಲಿಲ್ಲವಂತೆ.

ಮಾರನೆಯ ದಿನ ಮತ್ತೆ ಹರವಿದೆವು. ಕಾಗೆಗೆ ಹೆದರಿಕೆಯಾಗಲಿ ಅಂತ ನಡುವೆ ಕಪ್ಪು ಕೊಡೆ ಬಿಚ್ಚಿಟ್ಟಳು ಅಮ್ಮ. ಆಮೇಲೆ ಬಾಗಿ, ಮುರಿದ ಐದಾರು ಸಂಡಿಗೆ ಆರಿಸಿ ಮೂಲೆಯ ಕಟ್ಟೆಯ ಮೇಲೆ ಬೇರೆ ಇಟ್ಟಳು. ಅದು ಕಾಗೆಯ ಪಾಲು. ಪಾಲು ಸಿಕ್ಕಿದರೆ ಉಳಿದದ್ದಕ್ಕೆ ಬಾಯಿ ಹಾಕುವುದಿಲ್ಲ ಅನ್ನುವುದು ಅವಳ ಲೆಕ್ಕ. ಹತ್ತು ನಿಮಿಷಕ್ಕೆ ಕಾಗೆ ಬಂತು. ಕಟ್ಟೆಯ ಮೇಲಿದ್ದದ್ದನ್ನು ಪೂರ್ತಿ ತಿಂದಿತು. ಕೊಡೆಯ ಸುತ್ತ ಒಂದು ಸುತ್ತು ನಡೆದು, ಹಾಳೆಯ ಮೇಲಿನ ಚೆನ್ನಾಗಿ ಒಣಗಿದ್ದೊಂದನ್ನು ಕಚ್ಚಿಕೊಂಡು ಹಾರಿತು.

"ಥೂ, ನಿನ್ನ!" ಅಂದಳು ಅಮ್ಮ. ಮಂಡಿ ಹಿಡಿದುಕೊಂಡು ಎದ್ದು, ಕಟ್ಟೆಯ ಮೇಲೆ ಇನ್ನೆರಡು ಇಟ್ಟಳು.