ತಿರುಚಿದ ಸರಳಿಗೆ ಬರೀ ಕೆಂಪು ಕಾವು ಸಾಲದು

ದಾವಣಗೆರೆ ಗೇಟುಗಳ ಕುಸುರಿ ಬಗ್ಗೆ ಬರೆಯುತ್ತಾ ‘ಸರಳನ್ನು ಕೆಂಪಗೆ ಕಾಯಿಸಿ ತಿರುಚಿದರಾಯ್ತು’ ಅಂದಿದ್ದೀರಿ ಸರ್. ಅಷ್ಟು ಸಲೀಸಲ್ಲ. 12 ಎಂಎಂ ಚೌಕದ ಎಂಎಸ್ (ಮೈಲ್ಡ್ ಸ್ಟೀಲ್, ಕಾರ್ಬನ್ ಕಮ್ಮಿ ಇರುವ ಮೆದು ಉಕ್ಕು) ಸರಳಿಗೆ ಕಿತ್ತಳೆ ದಾಟಿ ಹಳದಿಗೆ ತಿರುಗುವ ಕಾವು ಬೇಕು, ಅದೂ ತಿರುಚುವಷ್ಟು ಉದ್ದಕ್ಕೂ ಒಂದೇ ಸಮ. ಕುಲುಮೆಗೆ ಗಾಳಿ ಬರುವ ಬಾಯಿಯ ಎದುರಿನ ಜಾಗ ಹೆಚ್ಚು ಕಾದರೆ ಅಲ್ಲಿ ತಿರುಚು ಒತ್ತೊತ್ತಾಗಿ, ಪಕ್ಕದಲ್ಲಿ ಸಡಿಲವಾಗಿ ಬೀಳುತ್ತೆ. ಹಾಗಾಗಿ ಸರಳನ್ನು ಕುಲುಮೆಯಲ್ಲಿ ಹಿಂದೆ ಮುಂದೆ ಆಡಿಸುತ್ತಲೇ ಇರಬೇಕು. ತಿರುಚುವಾಗ ಒತ್ತಾಗುತ್ತಿರುವ ಕಡೆಗಷ್ಟೇ ಸ್ವಲ್ಪ ನೀರು ಬಿಟ್ಟರೆ ಅದು ಅಲ್ಲಿಗೆ ನಿಲ್ಲುತ್ತೆ, ಉಳಿದದ್ದು ತಿರುಗುತ್ತೆ. ಗುಜರಿಯ ಲಾರಿ ಸ್ಪ್ರಿಂಗ್ ಪ್ಲೇಟಿಗೆ ಮಾತ್ರ ಈ ಉಪಾಯ ಬೇಡವೇ ಬೇಡ: ಕಾರ್ಬನ್ ಜಾಸ್ತಿ, ನೀರು ಬಿದ್ದರೆ ಸೀಳುತ್ತೆ.

ಸೊಟ್ಟಗಾದರೆ ಮರದ ದಿಮ್ಮಿ ಮೇಲಿಟ್ಟು ಕೊಡತಿಯಲ್ಲಿ ಬಡಿಯಿರಿ. ಕಬ್ಬಿಣದ ಸುತ್ತಿಗೆಗೆ ಅಂಚು ಚಪ್ಪಟೆಯಾಗುತ್ತೆ. ತಿರುಚಿದ ಸರಳು ಗಿಡ್ಡವಾಗುತ್ತೆ, ಒಂದು ತುಂಡು ತಿರುಚಿ ಅಳೆದ ಮೇಲೇ ಉಳಿದವನ್ನು ಕತ್ತರಿಸಿ.

ಚಿತ್ರದುರ್ಗದ ಕಡೆಯ ಜಾಲಿ ಇದ್ದಿಲು ಇದಕ್ಕೆ ಧಾರಾಳ ಸಾಕು. ಕಿಡಿ ಹಾರುತ್ತೆ, ಅದು ಇದ್ದಿಲಿನದು. ಹೊರಗೆಳೆದ ಸರಳೇ ಬೆಳ್ಳಗೆ ಚಿಟಪಟ ಕಿಡಿ ಉಗುಳಿದರೆ ಕಬ್ಬಿಣ ಸುಟ್ಟುಹೋಯ್ತು, ಆ ಭಾಗ ಕತ್ತರಿಸಿ ಬಿಸಾಡಿ.

ಜಿಐ ಪೈಪನ್ನಂತೂ (ಸತುವಿನ ಲೇಪ ಇರುವ ಕಬ್ಬಿಣದ ಪೈಪು) ಕುಲುಮೆಗೆ ಹಾಕಲೇಬೇಡಿ. ಸತುವಿನ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ.