ತಾಯಿ-ಮಗುವಿನ ಊಟಕ್ಕೆ ಹೊಲದಲ್ಲಿ ಎರಡು ಗುಂಟೆ ಬಿಡಬೇಕೇ?

ಪರ: ಹಿತ್ತಲ ಸೊಪ್ಪಿಗೆ ಯಾರ ಹತ್ತಿರವೂ ದುಡ್ಡು ಕೇಳಬೇಕಿಲ್ಲ

ನಮ್ಮದು ಹಾಸನ ತಾಲ್ಲೂಕಿನ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ರಾಗಿ ಹೊಲದಲ್ಲಿ ಬರೀ ರಾಗಿ ಇರುತ್ತಿರಲಿಲ್ಲ. ರಾಗಿಯ ನಡುನಡುವೆ ಹಾಕುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಇರುತ್ತಿದ್ದವು. ಮುದ್ದೆಗೆ ರಾಗಿ, ಸಾರಿಗೆ ಕಾಳು, ಚಟ್ನಿಗೆ ಹುಚ್ಚೆಳ್ಳು, ಎಲ್ಲ ಒಂದೇ ಹೊಲದಿಂದ ಬರುತ್ತಿತ್ತು. ಕಳೆ ಕೀಳಲು ಹೋದ ಅಮ್ಮ ಸಂಜೆ ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದರು. ಅಣ್ಣೆ, ಗಣಿಕೆ, ಕೀರೆ, ಏನು ಸಿಕ್ಕರೆ ಅದು. ಅದನ್ನು ಯಾರೂ ಬಿತ್ತುತ್ತಿರಲಿಲ್ಲ.

ಈಗ ಆ ಹೊಲದಲ್ಲಿ ಆಲೂಗಡ್ಡೆ, ಇಲ್ಲವೇ ಶುಂಠಿ. ಕಳೆನಾಶಕ ಹೊಡೆದ ಮೇಲೆ ಬೆರಕೆ ಸೊಪ್ಪು ಎಲ್ಲಿಂದ ಬರಬೇಕು? ಆಲೂಗಡ್ಡೆ ಬೇಡ ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಫೀಸು ಕಟ್ಟೋದು ಅದರಿಂದಲೇ. ಆದರೆ ಬಿತ್ತನೆ ಗಡ್ಡೆ ದೂರದ ಪಂಜಾಬಿನ ಜಲಂಧರದಿಂದ ಬರಬೇಕು. ಮಳೆ ಹಿಡಿದುಕೊಂಡರೆ ಅಂಗಮಾರಿ ರೋಗ ಬರುತ್ತದೆ. ಬೆಳೆ ಉಳಿದರೂ ದುಡ್ಡು ಒಂದೇ ಸಲ ಕೈಗೆ ಬಂದು, ಸಾಲಕ್ಕೂ ಗೊಬ್ಬರದ ಅಂಗಡಿಗೂ ಹೋಗಿಬಿಡುತ್ತದೆ. ಗರ್ಭಿಣಿಗೆ ಸೊಪ್ಪು, ಕಾಳು ದಿನಾ ಬೇಕಲ್ವಾ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಅದೇ ವಯಸ್ಸಿನೊಳಗೆ ಆರು ತಿಂಗಳು ದಾಟಿದ ನೂರು ಮಕ್ಕಳಲ್ಲಿ 65ಕ್ಕೆ ರಕ್ತಹೀನತೆ ಇತ್ತು. ಅನ್ನ ನೀಡುವ ನಾಡಿನಲ್ಲಿ ಇದು ನನಗೆ ಸಂಕಟ ಕೊಡುತ್ತದೆ.

ಎರಡು ಗುಂಟೆ ಅಂದರೆ ಎರಡು ಸಾವಿರ ಚದರಡಿಗೆ ಸ್ವಲ್ಪ ಜಾಸ್ತಿ. ಬೇಲಿ ಬದಿಗೆ ಒಂದು ನುಗ್ಗೆ, ಚಪ್ಪರಕ್ಕೆ ಅವರೆ, ಬಚ್ಚಲ ನೀರು ಹರಿಯುವ ಕಡೆ ಬಸಳೆ ಮತ್ತು ಬಾಳೆ, ತಿಪ್ಪೆಯ ಮೇಲೆ ಸಿಹಿಗುಂಬಳ. ಜೊತೆಗೆ ನಾಲ್ಕು ನಾಟಿ ಕೋಳಿ. ಆರು ತಿಂಗಳು ತುಂಬಿದ ಮಗುವಿಗೆ ರಾಗಿ ಸರಿಯ ಜೊತೆ ಹಿಸುಕಿದ ಕುಂಬಳಕಾಯಿ ಕೊಡಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ.

ಇನ್ನೊಂದು ಮಾತು ಹೆಂಗಸರಿಗೆ ಚೆನ್ನಾಗಿ ಗೊತ್ತು. ಸಂತೆಯಿಂದ ತರಕಾರಿ ಬರಬೇಕಾದರೆ ಗಂಡನನ್ನೋ ಮಾವನನ್ನೋ ದುಡ್ಡು ಕೇಳಬೇಕು. ಹಿತ್ತಲಲ್ಲಿ ಇದ್ದರೆ ಸುಮ್ನೆ ಹೋಗಿ ಕಿತ್ತುಕೊಂಡು ಬಂದರಾಯಿತು.

ವಿರೋಧ: ಎರಡು ಗುಂಟೆ ಯಾರ ಹತ್ತಿರ ಇದೆ?

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ, ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ನಾನು ಬೆಳೆದೆ. ನಮ್ಮ ಮೆಟ್ಟಿಲು ಇಳಿದರೆ ಸಾಹುಕಾರರ ತೋಟ. ಒಂದು ಮೆಣಸಿನ ಗಿಡ ನೆಡಬೇಕಾದರೂ ಹಳೇ ಡಬ್ಬ ಹುಡುಕಬೇಕು. ಊಟಕ್ಕೆ ಜಾಸ್ತಿ ಕಷ್ಟ ಇರುವುದೇ ಜಮೀನಿಲ್ಲದ ಮನೆಗಳಲ್ಲಿ. ಹೊಲದಿಂದ ಶುರು ಮಾಡಿ ಎಂದರೆ ಆ ಮನೆಗಳು ಮೊದಲೇ ಹೊರಗುಳಿಯುತ್ತವೆ.

ಹೊಲ ಇರುವವರ ಮನೆಯಲ್ಲಾದರೂ ಆ ಎರಡು ಗುಂಟೆಗೆ ನೀರು ಹೊರುವವರು ಯಾರು? ಕಳೆ ಕೀಳುವವರು ಯಾರು? ಅದೇ ಬಸುರಿ, ಅದೇ ಬಾಣಂತಿ. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ, ಅಡುಗೆ, ಕೂಲಿ ಮುಗಿಸುವವಳಿಗೆ ಇನ್ನೊಂದು ಕೆಲಸ ಸೇರಿಸುತ್ತೇವೆ. ಅವಳಿಗೆ ಊಟದಷ್ಟೇ ವಿಶ್ರಾಂತಿಯೂ ಬೇಕು. ಈ ಮಾತನ್ನು ಕೈತೋಟದ ಬಗ್ಗೆ ಹೇಳುವವರ ಬಾಯಲ್ಲಿ ನಾನು ಕೇಳಿಯೇ ಇಲ್ಲ.

ಬೆಳೆದದ್ದೆಲ್ಲ ಅವಳ ತಟ್ಟೆಗೆ ಬರುತ್ತದೆಯೇ? ನಾಟಿ ಮೊಟ್ಟೆಗೆ ಒಳ್ಳೆ ಬೆಲೆ ಇದೆ, ಅದು ಅಂಗಡಿಗೆ ಹೋಗುತ್ತದೆ. ಗಂಡಸರು, ಮಕ್ಕಳು ಉಂಡ ಮೇಲೆ ತಳದಲ್ಲಿ ಉಳಿದದ್ದು ಸೊಸೆಗೆ. ಹೆರಿಗೆಯಾದ ಮೇಲಂತೂ ಪಥ್ಯ. ಸೊಪ್ಪು ತಿಂದರೆ ಮಗುವಿಗೆ ಭೇದಿ, ಹಣ್ಣು ತಿಂದರೆ ಶೀತ ಎಂದು ಮೆಣಸಿನ ಸಾರು, ಅನ್ನದಲ್ಲೇ ತಿಂಗಳು ಕಳೆಸುವ ಮನೆಗಳಿವೆ. ಹಿತ್ತಲಲ್ಲಿ ನುಗ್ಗೆ ತೂಗುತ್ತಿದ್ದರೂ ಬಾಣಂತಿಗೆ ಅದರ ಒಂದೆಲೆಯೂ ಇಲ್ಲ.

ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದೂ ಕಡಿಮೆ. ನಿಂಬೆರಸ ಹಿಂಡಿದರೆ ಜಾಸ್ತಿ ಹತ್ತುತ್ತದೆ. ಉಂಡ ಕೂಡಲೇ ಕಾಫಿ ಕುಡಿದರೆ ಇನ್ನೂ ಕಡಿಮೆಯಾಗುತ್ತದೆ. ನಮ್ಮದು ಕಾಫಿ ಸೀಮೆ, ಊಟವಾದ ಮೇಲೆ ಲೋಟ ಬರದ ಮನೆ ಅಪರೂಪ. ರಕ್ತಹೀನತೆ ಇರುವವಳಿಗೆ ಕಬ್ಬಿಣದ ಮಾತ್ರೆ ಬೇಕೇ ಬೇಕು. ನುಗ್ಗೆ ಸೊಪ್ಪು ಅದರ ಜಾಗ ತುಂಬುವುದಿಲ್ಲ.

2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿ ಊಟ, ಹಾಲು, ಮೊಟ್ಟೆ ಇಟ್ಟಿದ್ದಾರೆ. ಒಳ್ಳೆಯ ಯೋಜನೆ. ಆದರೆ ಆಷಾಢದ ಮಳೆಯಲ್ಲಿ ಏಳು ತಿಂಗಳ ಬಸುರಿ ಜಾರುವ ಇಳಿಜಾರಿನಲ್ಲಿ ಮೈಲಿ ನಡೆದು ಉಣ್ಣಲು ಹೋಗುವುದು ಹೇಗೆ? ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಮಧ್ಯಾಹ್ನ ಕೆಲಸ ಬಿಟ್ಟು ಹೋದರೆ ಕೊಯ್ದದ್ದು ಕಡಿಮೆಯಾಗುತ್ತದೆ, ಕೂಲಿಯೂ ಕಡಿಮೆ.

ಮೊದಲು ಆ ಊಟವನ್ನು ಕ್ಯಾರಿಯರ್‌ನಲ್ಲಿ ಲೈನ್ ಮನೆಗೆ ತಲುಪಿಸಿ. ಕೊನೆಯ ಮೂರು ತಿಂಗಳು ಕೆಲಸಕ್ಕೆ ಹೋಗದಿದ್ದರೂ ಅವಳ ಕೂಲಿ ಬರಲಿ. ಬೀಜದ ಪೊಟ್ಟಣ ಆಮೇಲೆ ಕೊಡಿ. ಬಿತ್ತಲು ಜಾಗವನ್ನೂ ಕೊಡಿ.